ವಿಲಿಯಂ ಗೇನ್ಸ್: ನೆಲಮಾಳಿಗೆಯಿಂದ ಬೆಳ್ಳಿತೆರೆಗೆ

ಇಂಗ್ಲೆಂಡಿನ ಷೆಪರ್ಟನ್ ಸ್ಟುಡಿಯೋದಲ್ಲಿ ತಯಾರಾದ ಚಲಚ್ಚಿತ್ರವೊಂದು 1972ರಲ್ಲಿ ತೆರೆಗೆ ಬಂದಿತು. ಅದರ ಹೆಸರು 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್'. ಸತ್ತವರನ್ನು ಹೂಳುವ ನೆಲಮಾಳಿಗೆಯ ಕಥೆಗಳು ಎಂದು ಅದರ ಅರ್ಥ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಾತ್ರವಹಿಸಿ ಹೆಸರಾಂತ ಸರ್ ರಾಲ್ಫ್ ರಿಚರ್ಡ್‌ಸನ್ ಅದರಲ್ಲಿ ಸನ್ಯಾಸಿಯ ನಿಲುವಂಗಿ ತೊಟ್ಟು ಕಾಣಿಸಿಕೊಂಡಿದ್ದನು. ಇಷ್ಟು ಗಣ್ಯನಾದ ನಟನ ಮುಖಾಂತರ ಲೋಕಕ್ಕೆ ಬಂದ ಆ ಕಥೆಗಳ ಹುಟ್ಟೂರು ಮಾತ್ರ ಬಲು ಬಡವಾದುದು. ಅವು ಅಮೆರಿಕದ ಬೀದಿಬದಿಯ ಅಂಗಡಿಗಳಲ್ಲಿ ಹತ್ತು ಸೆಂಟಿಗೆ ಒಂದರಂತೆ ಮಾರಾಟವಾಗುತ್ತಿದ್ದ ಕಾಮಿಕ್ಸ್ ಪುಸ್ತಿಕೆಗಳಿಂದ ಆಯ್ದ ಕಥೆಗಳು. ಚಿತ್ರ ಬರುವುದಕ್ಕೆ 17 ವರ್ಷ ಹಿಂದೆ, 1955ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟೇ ಇಂತಹ ಪುಸ್ತಿಕೆಗಳು ಮಕ್ಕಳ ಕೈಸೇರಬಾರದೆಂದು ಕಾಯಿದೆ ಮಾಡಿತ್ತು. ಯಾವ ದೇಶ ಅವುಗಳನ್ನು ಬಾಗಿಲಿನಿಂದ ಹೊರದೂಡಿತೋ ಅದೇ ದೇಶ ಅವುಗಳಿಗೆ ರಂಗಸಜ್ಜಿಕೆ ಹೂಡಿತು. ಈ ವಿಚಿತ್ರ ಹೇಗೆ ಸಂಭವಿಸಿತೆಂಬುದನ್ನು ತಿಳಿಯಬೇಕಾದರೆ ಆ ಪುಸ್ತಿಕೆಗಳ ಪ್ರಕಾಶಕನಾದ ವಿಲಿಯಂ ಗೇನ್ಸನ ಬಾಳನ್ನು ನೋಡಬೇಕು.

ಗೇನ್ಸ್ ಹುಟ್ಟಿದ್ದು 1922ರ ಮಾರ್ಚ್ 1ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಮ್ಯಾಕ್ಸ್ ಗೇನ್ಸ್ ಕಾಮಿಕ್ಸ್ ಉದ್ಯಮದ ಮೂಲಪುರುಷರಲ್ಲಿ ಒಬ್ಬ. ದಿನಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಬರುತ್ತಿದ್ದ ಚಿತ್ರಪಟ್ಟಿಗಳನ್ನು ಸಣ್ಣ ಪುಸ್ತಿಕೆಯಾಗಿ ಮಡಿಸಿ ಹೊಲಿದು ಮಾರಬಹುದೆಂಬುದನ್ನು 1930ರ ದಶಕದ ಮೊದಲಲ್ಲಿ ಕಂಡುಕೊಂಡವರ ಪೈಕಿ ಅವನು ಮುಖ್ಯನಾದವನು. ಮುಂದೆ 'ವಂಡರ್ ವುಮನ್' ಮೊದಲಾದ ಪ್ರಸಿದ್ಧ ಪಾತ್ರಗಳು ಅವನ ಸಂಸ್ಥೆಯ ಆಶ್ರಯದಲ್ಲಿಯೇ ಹುಟ್ಟಿದವು. ಆ ಸಂಸ್ಥೆಯಲ್ಲಿದ್ದ ತನ್ನ ಪಾಲನ್ನು ಮಾರಿದ ಮೇಲೆ ಅವನು ಬೈಬಲಿನ ಕಥೆ, ಇತಿಹಾಸ, ವಿಜ್ಞಾನಗಳನ್ನು ಮಕ್ಕಳಿಗೆ ಚಿತ್ರಗಳಲ್ಲಿ ತಿಳಿಸುವ ಹೊಸ ಪ್ರಕಾಶನವೊಂದನ್ನು ಸ್ಥಾಪಿಸಿದನು. ಅದರ ಹೆಸರು ಎಜುಕೇಷನಲ್ ಕಾಮಿಕ್ಸ್, ಸಂಕ್ಷೇಪವಾಗಿ ಇ.ಸಿ. ಉದ್ದೇಶ ಉದಾತ್ತವಾಗಿತ್ತು, ವ್ಯಾಪಾರ ಮಾತ್ರ ನಷ್ಟದ್ದು.

ತಂದೆ ಕಠಿಣ ಸ್ವಭಾವದವನು. ಮಗ ಯಾವ ಕೆಲಸಕ್ಕೂ ಬಾರದವನೆಂಬುದು ಅವನ ಅಭಿಪ್ರಾಯವಾಗಿತ್ತು. ಅದನ್ನು ಅವನು ಮರೆಮಾಡಿದವನೂ ಅಲ್ಲ. ಮಗನಿಗಾದರೋ ತಂದೆಯ ಉದ್ಯಮದಲ್ಲಿ ಆಸಕ್ತಿಯಿರಲಿಲ್ಲ. ಯುದ್ಧಕಾಲದಲ್ಲಿ ಸೈನ್ಯದಲ್ಲಿ ಸೇವೆ ಮಾಡಿ ಬಂದು, ರಸಾಯನಶಾಸ್ತ್ರದ ಉಪಾಧ್ಯಾಯನಾಗಬೇಕೆಂದು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಅವನು ಓದುತ್ತಿದ್ದನು. 1947ರ ಆಗಸ್ಟಿನಲ್ಲಿ ಲೇಕ್ ಪ್ಲಾಸಿಡ್ ಎಂಬ ಸರೋವರದಲ್ಲಿ ಎರಡು ಮೋಟಾರು ದೋಣಿಗಳು ಡಿಕ್ಕಿ ಹೊಡೆದು ಮ್ಯಾಕ್ಸ್ ಗೇನ್ಸ್ ಮೃತನಾದನು. ಸಾಲದ ಹೊರೆಯಲ್ಲಿದ್ದ ಪ್ರಕಾಶನ 25 ವರ್ಷದ ಮಗನ ತಲೆಯ ಮೇಲೆ ಬಿತ್ತು. ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಅವನು ಕಚೇರಿಗೆ ಹೋಗತೊಡಗಿದನು. ಮೊದಮೊದಲು ಕೆಲಸದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಕಾಮಿಕ್ಸ್ ಓದತೊಡಗಿದ ಮೇಲೆ ಅದು ತಾನಾಗಿಯೇ ನೆಲೆಗೊಂಡಿತು. ಇ.ಸಿ. ಎಂಬ ಎರಡಕ್ಷರಗಳನ್ನು ಹಾಗೆಯೇ ಉಳಿಸಿಕೊಂಡು, ಎಜುಕೇಷನಲ್ ಎಂಬುದನ್ನು ಎಂಟರ್‌ಟೇನಿಂಗ್ ಎಂದು ಬದಲಾಯಿಸಿದನು. ಶಿಕ್ಷಣ ಹೋಗಿ ರಂಜನೆ ಬಂದಿತು.

1948ರಲ್ಲಿ ಆಲ್ ಫೆಲ್ಡ್‌ಸ್ಟೈನ್ ಎಂಬ ಯುವಕ ಚಿತ್ರಕಾರ ಅವನ ಬಳಿ ಕೆಲಸಕ್ಕೆ ಸೇರಿದನು. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿ ಬೆಚ್ಚಿದ ಕಥೆಗಳ ನೆನಪು ಇಬ್ಬರಿಗೂ ಇತ್ತು. ಅಂತಹ ಕಥೆಗಳನ್ನೇ ಚಿತ್ರಗಳಲ್ಲಿ ಏಕೆ ಹೇಳಬಾರದೆಂದು ಯೋಚಿಸಿ 1950ರಲ್ಲಿ ಅವರು ಮೂರು ಭಯಾನಕ ಮಾಲಿಕೆಗಳನ್ನೂ ಎರಡು ವೈಜ್ಞಾನಿಕ ಮಾಲಿಕೆಗಳನ್ನೂ ಆರಂಭಿಸಿದರು. 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್', 'ದಿ ವಾಲ್ಟ್ ಆಫ್ ಹಾರರ್', 'ದಿ ಹಾಂಟ್ ಆಫ್ ಫಿಯರ್' ಎಂಬವು ಮೊದಲ ಮೂರು. ಅವರ ಕೆಲಸದ ರೀತಿ ವಿಲಕ್ಷಣವಾಗಿತ್ತು. ಸ್ಥೂಲಕಾಯನಾದ ಗೇನ್ಸ್ ಮೈ ಇಳಿಸಲು ಗುಳಿಗೆ ನುಂಗುತ್ತಿದ್ದನು. ಅದರಿಂದ ನಿದ್ರೆ ಹಾರಿ, ರಾತ್ರಿಯೆಲ್ಲ ಹಳೆಯ ಕಥಾಸಂಕಲನಗಳನ್ನು ಓದಿ, ಕಥೆಯ ಎಳೆಗಳನ್ನು ಚೀಟಿಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. ಬೆಳಗ್ಗೆ ಫೆಲ್ಡ್‌ಸ್ಟೈನನ ಮುಂದೆ ಒಂದೊಂದಾಗಿ ಅವುಗಳನ್ನು ಇಡುವನು. ಇಬ್ಬರೂ ಒಪ್ಪಿದ ಎಳೆಯನ್ನು ಹಿಡಿದು ಫೆಲ್ಡ್‌ಸ್ಟೈನ್ ಕಥೆ ಬರೆಯುವನು. ಅಕ್ಷರಗಳನ್ನು ಮೊದಲು ಬರೆಸಿ, ಉಳಿದ ಜಾಗದಲ್ಲಿ ಚಿತ್ರ ಬಿಡಿಸಲು ಚಿತ್ರಕಾರನಿಗೆ ಕೊಡುವುದು ಅವರ ಪದ್ಧತಿ. ಜಾಕ್ ಡೇವಿಸ್, ಗ್ರಹಾಂ ಇಂಗಲ್ಸ್, ಜಾನಿ ಕ್ರೇಗ್, ವಾಲಿ ವುಡ್ ಮುಂತಾದ ನುರಿತ ಕೈಗಳು ಅಲ್ಲಿ ದುಡಿದವು.

ಹೀಗೆ ಎಳೆ ಹುಡುಕುವಾಗ ಪರರ ಹೊಲದಿಂದ ತೆನೆ ಕಿತ್ತದ್ದೂ ಉಂಟು. ಕಥೆಗಾರ ರೇ ಬ್ರ್ಯಾಡ್‌ಬರಿಯ ಎರಡು ಕಥೆಗಳನ್ನು ಬೆಸೆದು ಒಂದಾಗಿ ಅಚ್ಚು ಹಾಕಿದಾಗ, ಆತ ಜಗಳವಾಡದೆ ಸಂಭಾವನೆ ಕಳುಹಿಸಲು ಮರೆತಿರಬೇಕೆಂದು ನಯವಾಗಿ ಪತ್ರ ಬರೆದನು. ಗೇನ್ಸ್ ಹಣ ಕಳುಹಿಸಿದನು. ಅನಂತರ ಬ್ರ್ಯಾಡ್‌ಬರಿಯ ಅನೇಕ ಕಥೆಗಳು ಅವನ ಅನುಮತಿಯಿಂದಲೇ ಇ.ಸಿ.ಯಲ್ಲಿ ಪ್ರಕಟವಾದವು.

ಈ ಕಥೆಗಳ ಸ್ವರೂಪವೇನು? ಬೇತಾಳನ ಕಥೆಗಳನ್ನು ಕೇಳಿ ಬೆಳೆದ ನಮ್ಮ ಓದುಗರಿಗೆ ಅದು ತೀರ ಅಪರಿಚಿತವಲ್ಲ. ಪ್ರತಿ ಕಥೆಯನ್ನೂ ಒಬ್ಬ ಜೀರ್ಣದೇಹದ ಮುದುಕನೋ ಮುದುಕಿಯೋ ಹಲ್ಲು ಕಿರಿದು, ಶ್ಲೇಷೆಯ ಮಾತಾಡಿ, ಓದುಗನನ್ನು ಛೇಡಿಸುತ್ತ ಹೇಳುವರು. ಕಥೆಯೊಳಗೆ ಯಾವನೋ ಲೋಭಿ, ಹೆಂಡತಿಯನ್ನು ಕೊಂದವನು, ದುರ್ಬಲರನ್ನು ಹಿಂಸಿಸಿದವನು. ಲೋಕದ ನ್ಯಾಯಸ್ಥಾನ ಅವನನ್ನು ಹಿಡಿಯದು. ಕೊನೆಯ ಚಿತ್ರದಲ್ಲಿ ಸತ್ತವರೇ ಎದ್ದುಬಂದು ಅವನು ಮಾಡಿದ್ದನ್ನು ಅದೇ ಅಳತೆಯಲ್ಲಿ ಅವನಿಗೆ ತೀರಿಸುವರು. ಮಾಡಿದ್ದುಣ್ಣೋ ಮಹಾರಾಯ ಎಂಬುದೇ ಅವುಗಳ ಧರ್ಮಶಾಸ್ತ್ರ. ಆದರೆ ಆ ಊಟದ ತಟ್ಟೆಯಲ್ಲಿ ಬಡಿಸಿದ್ದು ರಕ್ತ, ಮಾಂಸ, ಕೊಳೆತ ದೇಹ. ಇದನ್ನು ಮುಚ್ಚಿಟ್ಟು ಗೇನ್ಸನನ್ನು ಹೊಗಳುವುದು ಸರಿಯಲ್ಲ. ಅಪರಾಧಕ್ಕೆ ಶಿಕ್ಷೆಯಾಗುತ್ತದೆಂಬ ನೆಪದಲ್ಲಿ ಶಿಕ್ಷೆಯನ್ನೇ ಚಪ್ಪರಿಸಿದ ಕಥೆಗಳು ಅವುಗಳಲ್ಲಿ ಕಡಿಮೆಯಿರಲಿಲ್ಲ.

ಅವುಗಳ ಪಕ್ಕದಲ್ಲಿಯೇ ಬೇರೊಂದು ಜಾತಿಯ ಕಥೆಗಳೂ ಇದ್ದವು. 1953ರ 'ಜಡ್ಜ್‌ಮೆಂಟ್ ಡೇ' ಎಂಬುದು ಅಂತಹದು. ಯಂತ್ರಮಾನವರು ವಾಸಿಸುವ ಗ್ರಹವೊಂದಕ್ಕೆ ಭೂಮಿಯಿಂದ ಪರೀಕ್ಷಕನೊಬ್ಬ ಬರುತ್ತಾನೆ. ಕಿತ್ತಲೆ ಬಣ್ಣದ ಯಂತ್ರಗಳಿಗೆ ಒಂದು ನ್ಯಾಯ, ನೀಲಿ ಬಣ್ಣದವಕ್ಕೆ ಇನ್ನೊಂದು ನ್ಯಾಯ ಅಲ್ಲಿ ನಡೆಯುತ್ತಿರುವುದನ್ನು ನೋಡಿ, ಈ ಗ್ರಹ ಇನ್ನೂ ನಾಗರಿಕವಾಗಿಲ್ಲವೆಂದು ತೀರ್ಮಾನಿಸಿ ಹಿಂದಿರುಗುತ್ತಾನೆ. ಕೊನೆಯ ಚಿತ್ರದಲ್ಲಿ ಅವನು ಶಿರಸ್ತ್ರಾಣ ತೆಗೆದಾಗ ಅವನು ಕಪ್ಪು ಜನಾಂಗದವನೆಂದು ತಿಳಿಯುತ್ತದೆ. ಬಿಳಿಯರಿಗೂ ಕರಿಯರಿಗೂ ಬೇರೆಬೇರೆ ಶಾಲೆಗಳಿದ್ದ ದೇಶದಲ್ಲಿ ಹತ್ತು ಸೆಂಟಿನ ಪುಸ್ತಿಕೆಯೊಂದು ಈ ಮಾತನ್ನು ಆಡಿತು.

ಇತ್ತ ದೇಶದಲ್ಲಿ ಕಾಮಿಕ್ಸಿನ ವಿರುದ್ಧ ಕೋಪ ಕುದಿಯುತ್ತಿತ್ತು. 1948ರಷ್ಟು ಹಿಂದೆಯೇ ಕೆಲವು ಊರುಗಳಲ್ಲಿ ಶಾಲೆಯ ಮಕ್ಕಳಿಂದಲೇ ಅವುಗಳ ರಾಶಿಗೆ ಬೆಂಕಿ ಹಾಕಿಸಲಾಗಿತ್ತು. ಈ ಕೋಪಕ್ಕೆ ಶಾಸ್ತ್ರದ ಆಧಾರ ಕೊಟ್ಟವನು ಮನೋವೈದ್ಯ ಫ್ರೆಡ್ರಿಕ್ ವರ್ಥಮ್. 1954ರಲ್ಲಿ ಪ್ರಕಟವಾದ ಅವನ 'ಸೆಡಕ್ಷನ್ ಆಫ್ ದಿ ಇನೊಸೆಂಟ್' ಎಂಬ ಗ್ರಂಥ, ಬಾಲಾಪರಾಧಕ್ಕೆ ಕಾಮಿಕ್ಸ್ ಕಾರಣವೆಂದು ಸಾರಿತು. ವರ್ಥಮ್ ದುಷ್ಟನಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಲ್ಲಿ ಬಡ ಕಪ್ಪು ಜನರಿಗಾಗಿ ಮಾನಸಿಕ ಚಿಕಿತ್ಸಾಲಯ ನಡೆಸಿದವನು. ಶಾಲೆಗಳಲ್ಲಿನ ವರ್ಣಭೇದ ಮಕ್ಕಳ ಮನಸ್ಸಿಗೆ ಹಾನಿಮಾಡುತ್ತದೆಂದು ಅವನು ನುಡಿದ ಸಾಕ್ಷ್ಯ, ಆ ಭೇದವನ್ನು ಅಳಿಸಿದ ಹೋರಾಟಕ್ಕೆ ನೆರವಾಯಿತು. ಆದರೆ ಕಾಮಿಕ್ಸಿನ ವಿಷಯದಲ್ಲಿ ಅವನು ತನ್ನ ರೋಗಿಗಳ ಮಾತುಗಳನ್ನು ವಾದಕ್ಕೆ ಒಗ್ಗುವಂತೆ ತಿದ್ದಿದ್ದನೆಂದು, ಅವನ ಕಾಗದಪತ್ರಗಳನ್ನು 2010ರ ಬಳಿಕ ಪರಿಶೀಲಿಸಿದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

1954ರ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿಯೊಂದು ವಿಚಾರಣೆ ಆರಂಭಿಸಿತು. ಬಾಲಾಪರಾಧದ ಕಾರಣಗಳನ್ನು ಹುಡುಕುವುದು ಅದರ ಕೆಲಸ. ಯಾರೂ ಒತ್ತಾಯಿಸದಿದ್ದರೂ ಗೇನ್ಸ್ ತಾನಾಗಿ ಸಾಕ್ಷ್ಯ ಹೇಳಲು ಹೋದನು. ಅಂದು ಅವನಿಗಿಂತ ಮೊದಲು ಮಾತಾಡಿದ ವರ್ಥಮ್, ಇ.ಸಿ.ಯ ಕಥೆಯೊಂದು ಜನಾಂಗದ್ವೇಷವನ್ನು ಕಲಿಸುತ್ತದೆಂದು ದೂರಿದನು. 'ದಿ ವ್ಹಿಪ್ಪಿಂಗ್' ಎಂಬ ಆ ಕಥೆ, ಮಗಳ ಮೆಕ್ಸಿಕನ್ ಪ್ರಿಯಕರನನ್ನು ಹೊಡೆಸಲು ಹೋಗಿ ಕತ್ತಲೆಯಲ್ಲಿ ಸ್ವಂತ ಮಗಳನ್ನೇ ಕೊಲ್ಲಿಸುವ ತಂದೆಯನ್ನು ಕುರಿತದ್ದು; ದ್ವೇಷವನ್ನು ಖಂಡಿಸುವುದೇ ಅದರ ಸಾರ. ಕಥೆಯಲ್ಲಿ ಕೇಡಿಗನ ಬಾಯಿಂದ ಬಂದ ಬೈಗುಳವನ್ನು ವರ್ಥಮ್ ಕಥೆಯ ಉಪದೇಶವೆಂದು ತೋರಿಸಿದ್ದನು. ಒಂದೇ ಅನ್ಯಾಯವನ್ನು ವಿರೋಧಿಸುತ್ತಿದ್ದ ಇಬ್ಬರು ಹೀಗೆ ಪರಸ್ಪರ ಶತ್ರುಗಳಾಗಿ ಎದುರುಬದುರು ನಿಂತದ್ದು ಆ ದಿನದ ದುರಂತ.

ಗೇನ್ಸ್ ಅದನ್ನು ಖಂಡಿಸಿ ಚೆನ್ನಾಗಿಯೇ ಆರಂಭಿಸಿದನು. ಆದರೆ ಮಧ್ಯಾಹ್ನದ ಹೊತ್ತಿಗೆ ಗುಳಿಗೆಯ ಬಲ ಇಳಿದು ಅವನು ಬಳಲಿದ್ದನು. ಆಗ ಸೆನೆಟರ್ ಎಸ್ಟಸ್ ಕೆಫಾವರ್ ಇ.ಸಿ.ಯ ಪುಸ್ತಿಕೆಯೊಂದರ ಮುಖಪುಟವನ್ನು ಎತ್ತಿಹಿಡಿದನು. ಅದರಲ್ಲಿ ಒಬ್ಬನ ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಂಗಸಿನ ಕತ್ತರಿಸಿದ ತಲೆ. ಇದು ಸದಭಿರುಚಿಯೇ ಎಂದು ಪ್ರಶ್ನೆ. ಭಯಾನಕ ಕಥೆಯ ಮುಖಪುಟವಾಗಿ ಇದು ಅಭಿರುಚಿಯನ್ನು ಮೀರಿಲ್ಲವೆಂದೂ, ತಲೆಯನ್ನು ಇನ್ನಷ್ಟು ಎತ್ತಿ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಮೀರುತ್ತಿತ್ತೆಂದೂ ಗೇನ್ಸ್ ಉತ್ತರವಿತ್ತನು. ಕುಶಲಕರ್ಮಿಯೊಬ್ಬ ತನ್ನ ಕಸುಬಿನ ಮರ್ಯಾದೆಯನ್ನು ಕುರಿತು ಆಡಿದ ಪ್ರಾಮಾಣಿಕವಾದ ಮಾತು ಅದು. ಆದರೆ ಸಭೆಯಲ್ಲಿ ಕುಳಿತವರಿಗೆ ಅದು ರಾಕ್ಷಸನ ಮಾತಿನಂತೆ ಕೇಳಿಸಿತು. ಮರುದಿನದ ಪತ್ರಿಕೆಗಳು ಅವನನ್ನು ಬಿಡಲಿಲ್ಲ.

ವಾಸ್ತವವಾಗಿ ಅಂದು ಕೇಳಬೇಕಾಗಿದ್ದ ಪ್ರಶ್ನೆ ಅಭಿರುಚಿಯದಲ್ಲ, ಓದುಗನ ವಯಸ್ಸಿನದು. ಬೆಳೆದವರು ಓದಬಹುದಾದ ಕಥೆಯನ್ನು ಏಳು ವರ್ಷದ ಹುಡುಗನೂ ಕೊಳ್ಳುವ ಬೆಲೆಗೆ, ಅವನ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿದ್ದೇ ತೊಡಕಿನ ಮೂಲ. ಗೇನ್ಸ್ ಇದನ್ನು ಆಲೋಚಿಸಿದಂತೆ ತೋರದು. ಒಳ್ಳೆಯ ಮಗು ಕೆಟ್ಟ ಕಥೆಯಿಂದ ಕೆಡುವುದಿಲ್ಲವೆಂದು ಅವನು ನಂಬಿದ್ದನು. ಅವನ ವಿರೋಧಿಗಳಾದರೋ ಮಕ್ಕಳಿಗೆ ಬೇಡವಾದದ್ದು ಯಾರಿಗೂ ಬೇಡವೆಂದು ತೀರ್ಮಾನಿಸಿದರು. ಈ ಎರಡು ಅತಿಗಳ ನಡುವೆ ಇದ್ದ ದಾರಿ ಯಾರ ಕಣ್ಣಿಗೂ ಬೀಳಲಿಲ್ಲ.

ಸರಕಾರ ಕಾನೂನು ಮಾಡಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ. ಒಟ್ಟಾಗಿ ಎದುರಿಸೋಣವೆಂದು ಪ್ರಕಾಶಕರನ್ನು ಗೇನ್ಸನೇ ಸಭೆ ಕರೆದನು. ಸೇರಿದವರು ಅವನ ಕೈಬಿಟ್ಟು ತಮ್ಮನ್ನು ತಾವೇ ನಿಯಂತ್ರಿಸಿಕೊಳ್ಳುವ ಸಂಘವೊಂದನ್ನು ಕಟ್ಟಿದರು. 1954ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಅದರ ನಿಯಮಾವಳಿ, ಹೆಸರಿನಲ್ಲಿ ಹಾರರ್, ಟೆರರ್ ಎಂಬ ಪದಗಳನ್ನೇ ನಿಷೇಧಿಸಿತು. ಎದ್ದು ನಡೆಯುವ ಹೆಣಗಳನ್ನೂ ರಕ್ತಪಿಶಾಚಿಗಳನ್ನೂ ಬಹಿಷ್ಕರಿಸಿತು. ಸಂಘದ ಮುದ್ರೆಯಿಲ್ಲದ ಪುಸ್ತಿಕೆಗಳ ಕಟ್ಟುಗಳು ಬಿಚ್ಚದೆಯೇ ಹಿಂದಕ್ಕೆ ಬರತೊಡಗಿದವು. ಗೇನ್ಸ್ ತನ್ನ ಭಯಾನಕ ಮಾಲಿಕೆಗಳನ್ನು ನಿಲ್ಲಿಸಿದನು.

ಹೊಸ ಮಾಲಿಕೆಗಳನ್ನು ಆರಂಭಿಸಿ, ಮನಸ್ಸಿಲ್ಲದೆ ಸಂಘಕ್ಕೂ ಸೇರಿದನು. ಅಲ್ಲಿ ಕೊನೆಯ ಜಗಳ ಕಾದಿತ್ತು. ಹಳೆಯ 'ಜಡ್ಜ್‌ಮೆಂಟ್ ಡೇ' ಕಥೆಯನ್ನು ಪುನಃ ಅಚ್ಚುಹಾಕಲು ಕಳುಹಿಸಿದಾಗ, ನಿಯಮಪಾಲನೆಯ ಅಧಿಕಾರಿಯಾಗಿದ್ದ ನ್ಯಾಯಾಧೀಶ ಚಾರ್ಲ್ಸ್ ಮರ್ಫಿ, ಕೊನೆಯಲ್ಲಿ ಬರುವ ಮನುಷ್ಯ ಕಪ್ಪಗಿರಕೂಡದೆಂದನು. ಅವನು ಕಪ್ಪಗಿರುವುದೇ ಕಥೆ ಎಂಬುದನ್ನು ವಿವರಿಸಿದ ಮೇಲೆ, ಮುಖದ ಮೇಲಿನ ಬೆವರ ಹನಿಗಳನ್ನಾದರೂ ಅಳಿಸಬೇಕೆಂದನು. ಗೇನ್ಸ್ ವಿಷಯವನ್ನು ಬಹಿರಂಗಕ್ಕೆಳೆಯುವ ಬೆದರಿಕೆ ಹಾಕಿ, ಒಂದು ಹನಿಯನ್ನೂ ಅಳಿಸದೆ 1956ರ ಆರಂಭದಲ್ಲಿ ಕಥೆಯನ್ನು ಪ್ರಕಟಿಸಿದನು. ಇ.ಸಿ. ಹೊರತಂದ ಕೊನೆಯ ಕಾಮಿಕ್ಸ್ ಪುಸ್ತಿಕೆ ಅದೇ. ಮಕ್ಕಳನ್ನು ಕಾಪಾಡಲೆಂದು ಹುಟ್ಟಿದ ನಿಯಮ ಎರಡೇ ವರ್ಷಗಳಲ್ಲಿ ಯಾವುದರಿಂದ ಯಾರನ್ನು ಕಾಪಾಡಲು ಹೊರಟಿತೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಎಲ್ಲವೂ ಮುಳುಗಿದಾಗ ಉಳಿದದ್ದು ಒಂದು: 1952ರಲ್ಲಿ ಹಾರ್ವಿ ಕರ್ಟ್ಜ್‌ಮನ್ ಆರಂಭಿಸಿದ್ದ 'ಮ್ಯಾಡ್' ಎಂಬ ಹಾಸ್ಯಮಾಲಿಕೆ. 1955ರಲ್ಲಿ ಅದು ದೊಡ್ಡ ಆಕಾರದ ಪತ್ರಿಕೆಯ ರೂಪ ತಾಳಿ ಕಾಮಿಕ್ಸ್ ನಿಯಮಗಳ ಎಲ್ಲೆಯಿಂದ ಆಚೆಗೆ ದಾಟಿಕೊಂಡಿತು. ರಾಜಕಾರಣಿಗಳು, ಜಾಹೀರಾತುಗಾರರು, ಚಲಚ್ಚಿತ್ರಗಳು, ಯಾರನ್ನೂ ಬಿಡದೆ ಹಾಸ್ಯ ಮಾಡಿತು. 1970ರ ದಶಕದಲ್ಲಿ ಅದರ ಪ್ರಸಾರ 20 ಲಕ್ಷವನ್ನು ದಾಟಿತು. ಗಡ್ಡ, ಉದ್ದ ಕೂದಲು, ಕೆದರಿದ ಉಡುಪಿನ ಗೇನ್ಸ್ ಆಗ ಹಣವಂತನಾದನು. ಟೆಲಿಫೋನಿನ ಕಾಸುಕಾಸಿಗೂ ಲೆಕ್ಕ ಕೇಳುವ ಜಿಪುಣನಾದರೂ ತನ್ನ ಬರಹಗಾರರನ್ನು ಸ್ವಂತ ವೆಚ್ಚದಲ್ಲಿ ವಿದೇಶಯಾತ್ರೆಗೆ ಕರೆದೊಯ್ಯುತ್ತಿದ್ದನು. 1960ರ ಮೊದಲ ಯಾತ್ರೆ ಹೈಟಿಗೆ. ಅಲ್ಲಿ 'ಮ್ಯಾಡ್'ಗೆ ಒಬ್ಬನೇ ಚಂದಾದಾರನಿದ್ದು ಅವನೂ ಚಂದಾ ನಿಲ್ಲಿಸಿದ್ದನು. ಇಡೀ ಬಳಗವನ್ನು ಕಟ್ಟಿಕೊಂಡು ಗೇನ್ಸ್ ಅವನ ಮನೆಬಾಗಿಲಿಗೆ ಹೋಗಿ ಪತ್ರಿಕೆಯನ್ನು ಮತ್ತೆ ಒಪ್ಪಿಸಿದನು.

ಇಷ್ಟರಲ್ಲಿ ಸತ್ತ ಕಥೆಗಳು ಸಮಾಧಿಯಲ್ಲಿ ಹೊರಳತೊಡಗಿದ್ದವು. 1960ರ ದಶಕದ ನಡುವಿನಲ್ಲಿ ಅವುಗಳಲ್ಲಿ ಕೆಲವು ಸಣ್ಣ ಆಕಾರದ ಪುಸ್ತಕಗಳಾಗಿ ಪುನಃ ಅಚ್ಚಾದವು. ಇಂಗ್ಲೆಂಡಿನಲ್ಲಿ ಆಮಿಕಸ್ ಎಂಬ ಚಿತ್ರಸಂಸ್ಥೆ ನಡೆಸುತ್ತಿದ್ದ ಅಮೆರಿಕದವರಿಬ್ಬರಲ್ಲಿ ಮಿಲ್ಟನ್ ಸುಬೋಟ್‌ಸ್ಕಿ ಆ ಕಥೆಗಳ ಹಳೆಯ ಭಕ್ತ. ಅವನು ಪಾಲುದಾರ ಮ್ಯಾಕ್ಸ್ ರೋಸೆನ್‌ಬರ್ಗನನ್ನು ಒಪ್ಪಿಸಿ ಹಕ್ಕು ಕೊಳ್ಳಲು ಮುಂದಾದನು. ಗೇನ್ಸ್ ಒಂದು ಷರತ್ತು ಹಾಕಿದನು. ಚಲಚ್ಚಿತ್ರಕ್ಕಾಗಿ ಬರೆದ ಪಾಠವನ್ನು ತಾನು ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಚಿತ್ರೀಕರಣ. ತನ್ನ ಕಥೆಗಳನ್ನು ಪರರ ಪರಿಶೀಲನೆಗೆ ಒಪ್ಪಿಸಿ ನೊಂದವನು ಈಗ ಪರರ ಬರಹವನ್ನು ತಾನೇ ಪರಿಶೀಲಿಸಲು ಕುಳಿತನು. ಆದರೆ ಎರಡರಲ್ಲಿ ಭೇದವಿದೆ. ಮರ್ಫಿ ಕಥೆಯನ್ನು ಲೋಕಕ್ಕೆ ಹೆದರಿ ತಿದ್ದಹೊರಟನು. ಗೇನ್ಸ್ ಕಥೆಯನ್ನು ಕಥೆಗಾಗಿ ಕಾಯಹೊರಟನು.

ಸುಬೋಟ್‌ಸ್ಕಿ ಐದು ಕಥೆಗಳನ್ನು ಆರಿಸಿಕೊಂಡನು. ಹೆಸರು ಒಂದು ಮಾಲಿಕೆಯದಾದರೂ ಅವುಗಳಲ್ಲಿ ಎರಡು ಮಾತ್ರ ಆ ಮಾಲಿಕೆಯವು. ಉಳಿದವು ಅದರ ಸೋದರ ಮಾಲಿಕೆಗಳಿಂದ ಬಂದವು. ನೆಲಮಾಳಿಗೆಯನ್ನು ನೋಡಲು ಬಂದು ದಾರಿತಪ್ಪಿದ ಐವರ ಮುಂದೆ ಅದರ ಪಾಲಕ ಒಬ್ಬೊಬ್ಬರ ಪಾಪವನ್ನೂ ಬಿಚ್ಚಿಡುವುದು ಹೊರಚೌಕಟ್ಟು. ನಿರ್ದೇಶಕ ಫ್ರೆಡ್ಡಿ ಫ್ರಾನ್ಸಿಸ್. ಇಲ್ಲಿ ಮಾಡಿದ ಬದಲಾವಣೆಯೊಂದು ಗಮನಾರ್ಹ. ಕಾಮಿಕ್ಸಿನ ಪಾಲಕ ನಗುವ ಬೇತಾಳ. ಚಲಚ್ಚಿತ್ರದ ರಿಚರ್ಡ್‌ಸನ್ ಗಂಭೀರನಾದ ಚಿತ್ರಗುಪ್ತ. ಶ್ಲೇಷೆಯಿಲ್ಲ, ಛೇಡನೆಯಿಲ್ಲ, ಲೆಕ್ಕ ಓದಿ ಬಾಗಿಲು ತೋರಿಸುವುದಷ್ಟೆ. ನಗೆ ಹೋದಾಗ ಕಥೆಗಳ ನೀತಿ ಎದ್ದು ಕಂಡಿತು. ಗೇನ್ಸನ ವಿರೋಧಿಗಳು ಕಾಣದೆ ಹೋದ ನೀತಿಯೇ ಅದು. ಜೊತೆಗೆ ಏನೋ ಒಂದು ನಷ್ಟವೂ ಆಯಿತು. ಹೆದರಿಸುತ್ತಲೇ ಇದೆಲ್ಲ ಹುಡುಗಾಟವೆಂದು ಕಣ್ಣು ಮಿಟುಕಿಸುತ್ತಿದ್ದ ಮೂಲದ ಸ್ನೇಹ ಅದರೊಂದಿಗೆ ಮರೆಯಾಯಿತು.

ಆದರೂ ಒಂದು ಕಥೆಯಲ್ಲಿ ಚಲಚ್ಚಿತ್ರ ಮೂಲವನ್ನು ಮೀರಿತು. ನೆರೆಯ ಸಿರಿವಂತನ ಕಿರುಕುಳಕ್ಕೆ ಮನನೊಂದು ನೇಣುಹಾಕಿಕೊಂಡು, ವರ್ಷ ಕಳೆದ ಮೇಲೆ ಎದ್ದುಬರುವ ಬಡ ಮುದುಕನ ಕಥೆ ಅದು. ಮುದುಕನ ಪಾತ್ರ ವಹಿಸಿದವನು ಪೀಟರ್ ಕುಷಿಂಗ್. 1971ರ ಜನವರಿಯಲ್ಲಿ ಅವನ ಪತ್ನಿ ತೀರಿಕೊಂಡಿದ್ದಳು. ಚಿತ್ರದಲ್ಲಿ ಆ ವಿಧುರ ಮುದುಕ ಸತ್ತ ಹೆಂಡತಿಯ ಭಾವಚಿತ್ರದೊಡನೆ ಮಾತನಾಡುವಾಗ, ನಟನಾವನು, ಪಾತ್ರ ಯಾವುದು ಎಂಬುದು ತಿಳಿಯದು. ಪುಸ್ತಿಕೆಯಲ್ಲಿ ಓದುಗ ಕಾತರದಿಂದ ಕಾಯುತ್ತಿದ್ದುದು ಹೆಣ ಏಳುವ ಗಳಿಗೆಗಾಗಿ. ತೆರೆಯ ಮೇಲೆ ಅದು ಎದ್ದಾಗ, ಏಳದೆ ಈತ ಬದುಕಿಯೇ ಇರಬಾರದಾಗಿತ್ತೇ ಎಂದು ನೋಡುವವನ ಮನಸ್ಸು ಮರುಗುತ್ತದೆ.

ಇಂಗ್ಲೆಂಡಿನಲ್ಲಿ ಆ ಚಿತ್ರಕ್ಕೆ ದೊರೆತದ್ದು ವಯಸ್ಕರಿಗೆ ಮಾತ್ರ ಎಂಬ ಪರವಾನೆ. 1954ರಲ್ಲಿ ಯಾರಿಗೂ ತೋಚದ ಮಧ್ಯದ ದಾರಿ ಹೀಗೆ ಚಿತ್ರಮಂದಿರದ ಬಾಗಿಲಲ್ಲಿ ಸುಲಭವಾಗಿ ಸಿಕ್ಕಿತು. ಕಥೆ ಉಳಿಯಿತು, ಮಗುವೂ ಹೊರಗೆ ಉಳಿಯಿತು. ಮರುವರ್ಷ 'ದಿ ವಾಲ್ಟ್ ಆಫ್ ಹಾರರ್' ಎಂಬ ಎರಡನೆಯ ಚಿತ್ರವೂ ಬಂದಿತು. 1989ರಲ್ಲಿ ಹಾಲಿವುಡ್ಡಿನ ಹೆಸರಾಂತ ನಿರ್ಮಾಪಕರು ಅಮೆರಿಕದ ಟೆಲಿವಿಷನ್ನಿಗೆ ಮಾಲಿಕೆಯೊಂದನ್ನು ತಂದಾಗ, ನಗುವ ಬೇತಾಳ ತನ್ನ ಕೊಳಕು ಹಲ್ಲುಗಳೊಡನೆ ಮರಳಿ ಬಂದನು.

ಇವೆಲ್ಲದರ ಹಿಂದೆ ಗೇನ್ಸನ ಒಂದು ಮೌನವಾದ ಕಾರ್ಯವಿತ್ತು. ಆ ಕಾಲದಲ್ಲಿ ಅಚ್ಚಾದ ಮೇಲೆ ಮೂಲ ಚಿತ್ರಗಳನ್ನು ಹರಿದು ಬಿಸಾಡುವುದು ಪ್ರಕಾಶಕರ ರೂಢಿ. ಗೇನ್ಸ್ ತನ್ನ ಚಿತ್ರಕಾರರು ಬಿಡಿಸಿದ ಹಾಳೆಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕಟ್ಟಿ ಜೋಪಾನವಾಗಿ ಇಟ್ಟಿದ್ದನು. ದೇಶ ಅವುಗಳನ್ನು ಕಸವೆಂದು ಸುಡುತ್ತಿದ್ದಾಗಲೂ ಇಟ್ಟಿದ್ದನು. 1970ರ ದಶಕದ ಕೊನೆಯಿಂದ ಆ ಹಾಳೆಗಳನ್ನೇ ಆಧರಿಸಿ ಸಂಪೂರ್ಣ ಸಂಪುಟಗಳು ಮುದ್ರಣವಾದವು. ಮೂಲ ಹಾಳೆಗಳನ್ನು ಹರಾಜಿನಲ್ಲಿ ಕಲಾಪ್ರೇಮಿಗಳು ಕೊಂಡರು. 1992ರ ಜೂನ್ 3ರಂದು 70ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ, ಒಂದು ಕಾಲದಲ್ಲಿ ಬೆಂಕಿಗೆ ಬಿದ್ದ ಪುಸ್ತಿಕೆಗಳನ್ನು ಸಂಗ್ರಾಹಕರು ಅಮೂಲ್ಯ ವಸ್ತುಗಳೆಂದು ಕಾಪಾಡುತ್ತಿದ್ದರು.

ಗೇನ್ಸ್ ವೀರನೆಂದು ಹೇಳಲಾಗದು. ಅವನ ತಪ್ಪುಗಳನ್ನು ಮೇಲೆ ಹೇಳಿದ್ದೇವೆ. ಆದರೆ ಉಪಾಧ್ಯಾಯನಾಗಲು ಹೊರಟು ಆಗದೆ ಹೋದ ಈ ಮನುಷ್ಯ ಒಂದು ಪಾಠವನ್ನು ಬಿಟ್ಟುಹೋಗಿದ್ದಾನೆ. ಓದತಕ್ಕದ್ದು ಯಾವುದು, ಓದಬಾರದ್ದು ಯಾವುದು ಎಂದು ತೀರ್ಪು ಕೊಡಲು ಕುಳಿತವರು ಮೊದಲು ಆ ಕಥೆಯನ್ನು ಕೊನೆಯ ಪುಟದವರೆಗೆ ಓದಬೇಕು. ಶಿರಸ್ತ್ರಾಣದ ಒಳಗಿನ ಮುಖ ಕಾಣುವುದು ಅಲ್ಲಿಯೇ.